ಗದ್ದುಗೆಯೇರಿದ ನುಡಿ

ಐರ್ಲೆಂಡಿನ 1937ರ ಸಂವಿಧಾನವು ಐರಿಷ್ ನುಡಿಯನ್ನು ರಾಷ್ಟ್ರಭಾಷೆಯೆಂದು ಸಾರಿದೆ. 2022ರ ಜನಗಣತಿಯಲ್ಲಿ ಅದನ್ನು ಬಲ್ಲೆವೆಂದವರು ಸುಮಾರು 18.7 ಲಕ್ಷ, ಶಾಲೆಯ ಹೊರಗೆ ನಿತ್ಯವೂ ಆಡುವವರೋ 72 ಸಾವಿರಕ್ಕೂ ಕಡಿಮೆ. ಶರಣಬಂಧುಗಳು ಈ ಅಂತರವನ್ನು ಗಮನಿಸಬೇಕು.

ಪರರ ಆಳ್ವಿಕೆಯೊಂದನ್ನೇ ಇದಕ್ಕೆ ಹೊಣೆ ಮಾಡಲು ನಾವು ಒಪ್ಪಲಾರೆವು. 1845ರಲ್ಲಿ ತೊಡಗಿದ ಆಲೂಗಡ್ಡೆಯ ಕ್ಷಾಮವು ಐರಿಷ್ ಆಡುವ ಬಡವರನ್ನೇ ಹೆಚ್ಚಾಗಿ ಬಲಿಗೊಂಡಿತು. ಅಮೆರಿಕೆಯ ಹಡಗು ಹತ್ತುವವರಿಗೆ ಇಂಗ್ಲಿಷೇ ಬುತ್ತಿಯಾಯಿತು. ಆ ಶತಮಾನದಲ್ಲಿ ಎಷ್ಟೋ ಕಡೆ ಮಕ್ಕಳ ಕೊರಳಿಗೆ ಕೋಲು ಕಟ್ಟಿ, ತಾಯ್ನುಡಿ ಆಡಿದಾಗಲೆಲ್ಲ ಅದರಲ್ಲೊಂದು ಗೀರು ಹಾಕುತ್ತಿದ್ದರು. ಗೀರುಗಳ ಲೆಕ್ಕಕ್ಕೆ ಶಾಲೆಯಲ್ಲಿ ಏಟು. ಹಾಗೆ ಗೀರು ಹಾಕಿದವರಲ್ಲಿ ಹೆತ್ತವರೂ ಇದ್ದರು, ಮಗು ಹಸಿಯದಿರಲೆಂಬ ಮಮತೆಯಿಂದಲೇ!

ಸ್ವಾತಂತ್ರ್ಯಾನಂತರ ಸರ್ಕಾರವು ಆ ನುಡಿಯನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿತು, ಅಡಿಗೆಮನೆಗೆ ಮರಳಿಸಲಾರದಾಯಿತು. ತಾವು ಇಂಗ್ಲಿಷರಲ್ಲವೆಂಬುದನ್ನು ಅಲ್ಲಿನ ಬಹುಮಂದಿ ಇಂದು ಹೇಳುವುದು ಇಂಗ್ಲಿಷಿನಲ್ಲಿಯೇ. ಪಶ್ಚಿಮ ಕಡಲಂಚಿನ ಕೆಲವು ಹಳ್ಳಿಗಳಲ್ಲಿ ಈಗಲೂ ಅಜ್ಜಿ ಮೊಮ್ಮಗುವನ್ನು ಗದರುವುದು ಐರಿಷಿನಲ್ಲಿ.