ವಿಷಾನಿಲ ಬಿಟ್ಟವರ ಹೆಸರು ಹೇಳಬೇಕಾದವರು ಯಾರು?

2013ರ ಆಗಸ್ಟ್ 21ರ ನಸುಕಿನಲ್ಲಿ ಸಿರಿಯಾದ ರಾಜಧಾನಿ ಡಮಾಸ್ಕಸ್‌ನ ಅಂಚಿನಲ್ಲಿರುವ ಘೂಟಾ ಪ್ರದೇಶದ ಮೇಲೆ ಸರಿನ್ ಎಂಬ ವಿಷ ತುಂಬಿದ ರಾಕೆಟ್‌ಗಳು ಬಿದ್ದಾಗ, ವಿಶ್ವಸಂಸ್ಥೆಯ ತನಿಖಾ ತಂಡ ಅದೇ ನಗರದಲ್ಲಿತ್ತು. ಸ್ವೀಡನ್ನಿನ ವಿಜ್ಞಾನಿ ಸೆಲ್‌ಸ್ಟ್ರಾಮ್ ನೇತೃತ್ವದ ಆ ತಂಡ ಖಾನ್ ಅಲ್ ಅಸಲ್ ಮುಂತಾದ ಕಡೆಗಳ ಹಳೆಯ ಆರೋಪಗಳನ್ನು ಪರಿಶೀಲಿಸಲೆಂದು ಮೂರು ದಿನ ಮೊದಲಷ್ಟೇ ಬಂದಿಳಿದಿತ್ತು. ಕೆಲವೇ ಕಿಲೋಮೀಟರ್ ಆಚೆ ನೂರಾರು ಜನ ಸತ್ತು ಬಿದ್ದಿದ್ದರೂ ಅಲ್ಲಿಗೆ ಕಾಲಿಡಲು ಸಾಧ್ಯವಾದದ್ದು ಐದು ದಿನಗಳ ನಂತರ. ಹೊರಟ ವಾಹನಗಳ ಮೇಲೆ ಗುಂಡು ಹಾರಿತು. ಮೊದಲ ದಿನ ಘೂಟಾದ ಮುವದ್ದಮಿಯಾದಲ್ಲಿ ಕೆಲಸಕ್ಕೆ ದಕ್ಕಿದ್ದು ಸುಮಾರು ಎರಡು ಗಂಟೆ. ಇಷ್ಟಾದರೂ ಸೆಪ್ಟೆಂಬರ್ 16ರ ಹೊತ್ತಿಗೆ ವರದಿ ಹೊರಬಂತು. ನೆಲದಿಂದ ನೆಲಕ್ಕೆ ಹಾರುವ ರಾಕೆಟ್‌ಗಳಲ್ಲಿ ಸರಿನ್ ಬಳಸಲಾಗಿದೆ ಎಂಬುದಕ್ಕೆ ಸ್ಪಷ್ಟ ಪುರಾವೆ ಇದೆ ಎಂದು ಅದು ಹೇಳಿತು. ಹಾರಿಸಿದವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ಹುಡುಕಿ ಸೋತರೆಂದಲ್ಲ, ಆ ಪ್ರಶ್ನೆ ಕೇಳುವ ಅಧಿಕಾರವನ್ನೇ ಅವರಿಗೆ ಕೊಟ್ಟಿರಲಿಲ್ಲ.

ಈ ಏರ್ಪಾಡು ಮೇಲ್ನೋಟಕ್ಕೆ ವಿವೇಕದ್ದಾಗಿಯೇ ಕಾಣುತ್ತದೆ. ವಿಜ್ಞಾನಿಗಳು ವಿಷ ಯಾವುದೆಂದು ಹೇಳಲಿ, ವಿಷ ಹಾಕಿದವರನ್ನು ಗುರುತಿಸುವುದು ರಾಜಕೀಯ, ಅದಕ್ಕೆ ಭದ್ರತಾ ಮಂಡಳಿ ಇದೆ ಎಂಬ ತರ್ಕ. ಐದು ವರ್ಷದ ಬಳಿಕ, 2018ರ ಜೂನ್‌ನಲ್ಲಿ, ಹೇಗ್ ನಗರದಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಗೆ ಹೊಣೆಗಾರರನ್ನು ಹೆಸರಿಸುವ ಅಧಿಕಾರ ಕೊಡುವ ನಿರ್ಣಯ ಮತಕ್ಕೆ ಬಂದಾಗ ಭಾರತವೂ ಹೆಚ್ಚುಕಡಿಮೆ ಇದೇ ಬಗೆಯ ಎಚ್ಚರಿಕೆಯಿಂದ ವಿರುದ್ಧ ಮತ ಹಾಕಿತು. ನಿರ್ಣಯ 82–24 ಮತಗಳಿಂದ ಗೆದ್ದಿತು. ಆ 24ರಲ್ಲಿ ರಷ್ಯಾ, ಚೀನಾ, ಇರಾನ್, ಸ್ವತಃ ಸಿರಿಯಾ ಇದ್ದವು. ಅವುಗಳ ಸಾಲಿನಲ್ಲಿ ನಾವೂ ನಿಂತೆವು. ಆ ಮತ ತಪ್ಪಾಗಿತ್ತು ಎಂಬುದು ನನ್ನ ವಾದ. ದೊಡ್ಡ ದೇಶಗಳು ಸಾಕ್ಷ್ಯವಿಲ್ಲದೆ ಆರೋಪ ಹೊರಿಸಿ ಯುದ್ಧಕ್ಕೆ ಹೊರಡುವುದನ್ನು ಕಂಡು ಯಾರಿಗೆ ಹೆಚ್ಚು ಅಸಮಾಧಾನವೋ, ಅವರೇ ಸ್ವತಂತ್ರ ತನಿಖಾಧಿಕಾರಿಯ ಕೈ ಬಲಪಡಿಸಬೇಕು. ‘ಯಾರು’ ಎಂಬ ಪ್ರಶ್ನೆಯನ್ನು ತನಿಖಾಧಿಕಾರಿಯಿಂದ ಕಿತ್ತುಕೊಂಡರೆ ಅದು ಉತ್ತರವಿಲ್ಲದೆ ಉಳಿಯುವುದಿಲ್ಲ. ಗುಪ್ತಚರ ಸಂಸ್ಥೆಗಳು ಉತ್ತರ ಕೊಡುತ್ತವೆ, ಟಿ.ವಿ. ಚರ್ಚೆಗಳು ಕೊಡುತ್ತವೆ, ಕೊನೆಗೆ ಕ್ಷಿಪಣಿಗಳು ಕೊಡುತ್ತವೆ.

ಇಂಥ ತನಿಖೆಯ ಹೊಣೆ ಹೊತ್ತ ಹಿರಿಯ ಅಧಿಕಾರಿ ನಿಜಕ್ಕೂ ಮಾಡುವ ಕೆಲಸವೇನು? ಹೊರಗಿನಿಂದ ನೋಡುವವರಿಗೆ ಕಾಣುವುದು ಮುಖವಾಡ ತೊಟ್ಟು ಮಣ್ಣು ತುಂಬಿಕೊಳ್ಳುವವರ ಚಿತ್ರ ಮಾತ್ರ. ಅಸಲು ಕೆಲಸ ಇರುವುದು ನಮ್ಮ ಪೊಲೀಸರ ಮಹಜರಿನಂಥ ಕಾಗದಪತ್ರದ ಶಿಸ್ತಿನಲ್ಲಿ. ಮಾದರಿಯನ್ನು ಯಾರು, ಎಲ್ಲಿ, ಎಷ್ಟು ಹೊತ್ತಿಗೆ ತೆಗೆದರು, ಸೀಲು ಮಾಡಿದವರು ಯಾರು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಒಂದು ಗಳಿಗೆಯ ಬಿಡುವೂ ಇಲ್ಲದ ದಾಖಲೆ ಇರಬೇಕು. ನಂತರ ಆ ಮಾದರಿಯನ್ನು ಪಾಲು ಮಾಡಿ ಬೇರೆ ಬೇರೆ ದೇಶಗಳ ಮಾನ್ಯತೆ ಪಡೆದ ಪ್ರಯೋಗಾಲಯಗಳಿಗೆ ಕಳಿಸುತ್ತಾರೆ. ಕನಿಷ್ಠ ಎರಡರ ಫಲಿತಾಂಶ ತಾಳೆಯಾಗಬೇಕು. ಸರಿನ್ ನೀರಿನಂತೆ ಆವಿಯಾಗಿ ಹೋಗುವ ವಸ್ತು. ಆದರೆ ಅದು ಒಡೆದು ಉಂಟಾಗುವ ಆಮ್ಲಗಳು ಮಣ್ಣಿನಲ್ಲಿ ಉಳಿಯುತ್ತವೆ, ಬದುಕುಳಿದವರ ರಕ್ತದ ಕಿಣ್ವಗಳಿಗೆ ಅಂಟಿಕೊಂಡ ಅದರ ಗುರುತು ವಾರಗಟ್ಟಲೆ ಇರುತ್ತದೆ. ಕ್ಲೋರಿನ್ ಇನ್ನೂ ಕಷ್ಟದ್ದು. ಊರಿನ ಕುಡಿಯುವ ನೀರು ಶುದ್ಧೀಕರಿಸುವ ಘಟಕದಲ್ಲಿ ಇರುವಂಥ ಸಿಲಿಂಡರೇ ಅಲ್ಲಿ ಬಾಂಬ್ ಆಗಿರುತ್ತದೆ, ಅನಿಲ ಗಾಳಿಗೆ ಹಾರಿಹೋಗಿರುತ್ತದೆ. ಆಗ ತನಿಖೆಗಾರರು ಹತ್ತಿರದ ಮರದ ತುಂಡುಗಳನ್ನು ಕತ್ತರಿಸಿ ಒಯ್ಯುತ್ತಾರೆ. ಪೈನ್ ಜಾತಿಯ ಮರದ ರಾಳದೊಂದಿಗೆ ಕ್ಲೋರಿನ್ ಬೆರೆತಾಗ ಹುಟ್ಟುವ ಸಂಯುಕ್ತಗಳು ಅಲ್ಲಿ ಸಿಕ್ಕಿಬೀಳುತ್ತವೆ. ಇದರ ಜೊತೆಗೆ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು, ಅವರ ಮಾತನ್ನು ಆಸ್ಪತ್ರೆಯ ದಾಖಲೆ, ಗಾಳಿಯ ದಿಕ್ಕು, ವಿಡಿಯೊ ತೆಗೆದ ಹೊತ್ತಿನ ನೆರಳಿನ ಉದ್ದಕ್ಕೆ ತಾಳೆ ಹಾಕಬೇಕು.

‘ಏನು’ ಮತ್ತು ‘ಯಾರು’ ಎಂಬ ಎರಡು ಪ್ರಶ್ನೆಗಳ ನಡುವೆ ರಾಜತಾಂತ್ರಿಕರು ಎಳೆದ ಗೆರೆ ಪ್ರಯೋಗಾಲಯದಲ್ಲಿ ಅಳಿಸಿಹೋಗುವುದು ಇಲ್ಲೇ. ತಯಾರಿಸಿದ ವಿಷದಲ್ಲಿ ತಯಾರಿಕೆಯ ಕಲ್ಮಶಗಳು ಇದ್ದೇ ಇರುತ್ತವೆ. 2017ರ ಏಪ್ರಿಲ್ 4ರಂದು ಖಾನ್ ಶೇಖೂನ್ ಪಟ್ಟಣದಲ್ಲಿ ಬಳಕೆಯಾದ ಸರಿನ್‌ನ ಕಲ್ಮಶಗಳನ್ನು, ಸಿರಿಯಾ ತಾನೇ 2013ರ ನಂತರ ಒಪ್ಪಿಸಿದ ದಾಸ್ತಾನಿನ ಕಚ್ಚಾ ರಾಸಾಯನಿಕದ ಜೊತೆ ಹೋಲಿಸಿದಾಗ ಎರಡೂ ಒಂದೇ ಮೂಲದವು ಎಂಬುದಕ್ಕೆ ಬಲವಾದ ಸುಳಿವು ಸಿಕ್ಕಿತು. ವಿಷ ಯಾವುದೆಂದು ತಿಳಿಯಲು ಮಾಡಿದ ಪರೀಕ್ಷೆಯೇ ಅದು ಯಾರ ಕಾರ್ಖಾನೆಯದು ಎಂಬುದನ್ನೂ ಹೇಳುತ್ತಿರುವಾಗ, ಅರ್ಧ ಪುಟ ಓದಿ ಮಡಚಿಡು ಎನ್ನುವುದು ಎಂಥ ನಿಷ್ಪಕ್ಷಪಾತ? ಘೂಟಾದ ವರದಿಯಲ್ಲೇ ಇದರ ಕೆಟ್ಟ ಪರಿಣಾಮ ಕಾಣಬಹುದು. ಹೆಸರು ಹೇಳುವಂತಿಲ್ಲದ ತಂಡ, ನೆಲದಲ್ಲಿ ನಾಟಿಕೊಂಡಿದ್ದ ರಾಕೆಟ್‌ಗಳು ಯಾವ ದಿಕ್ಕಿನಿಂದ ಬಂದವು ಎಂಬ ಕೋನಗಳನ್ನಷ್ಟೇ ಅನುಬಂಧದಲ್ಲಿ ಬರೆದಿಟ್ಟಿತು. ಹೊರಗಿನವರು ನಕ್ಷೆ ತೆಗೆದು ಗೆರೆ ಎಳೆದರು. ಎರಡು ಗೆರೆಗಳು ಒಂಬತ್ತು ಕಿಲೋಮೀಟರಿಗೂ ಹೆಚ್ಚು ದೂರದ ಸೇನಾ ನೆಲೆಯಲ್ಲಿ ಕೂಡಿದವು, ಪತ್ರಿಕೆಗಳು ಅದನ್ನೇ ತೀರ್ಪೆಂಬಂತೆ ಅಚ್ಚು ಹಾಕಿದವು. ಆಮೇಲೆ ಅವುಗಳಲ್ಲಿ ದೊಡ್ಡದಾದ ರಾಕೆಟ್ ಎರಡು ಕಿಲೋಮೀಟರಿನ ಆಸುಪಾಸಿಗಿಂತ ದೂರ ಹಾರಲಾರದು ಎಂದು ಅಮೆರಿಕದ ಕ್ಷಿಪಣಿ ತಜ್ಞರು ತೋರಿಸಿದರು. ಗೆರೆ ಎಳೆದವರ ತಪ್ಪನ್ನು ಹಿಡಿದುಕೊಂಡು ಇಡೀ ಘಟನೆಯೇ ಕಟ್ಟುಕತೆ ಎನ್ನುವವರಿಗೆ ವರ್ಷಗಟ್ಟಲೆ ಮೇವು ಸಿಕ್ಕಿತು. ಆ ಲೆಕ್ಕವನ್ನು ಸ್ಥಳ ನೋಡಿದ ತಂಡವೇ ಮಾಡಿದ್ದರೆ ರಾಕೆಟ್‌ನ ವ್ಯಾಪ್ತಿಯನ್ನೂ ಅದೇ ಕೈ ಅಳೆದಿರುತ್ತಿತ್ತು.

ಸರ್ಕಾರಗಳೇ ಆರೋಪಿಸಿ ಸರ್ಕಾರಗಳೇ ತೀರ್ಮಾನಿಸುವ ಪದ್ಧತಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಹಳೆಯ ನಿದರ್ಶನಗಳಿವೆ. 1981ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್, ಲಾವೋಸ್ ಮತ್ತು ಕಾಂಬೋಡಿಯಾದಲ್ಲಿ ಸೋವಿಯತ್ ಬೆಂಬಲಿತ ಪಡೆಗಳು ಶಿಲೀಂಧ್ರದ ವಿಷವನ್ನು ‘ಹಳದಿ ಮಳೆ’ಯಾಗಿ ಸುರಿಸುತ್ತಿವೆ ಎಂದು ಘೋಷಿಸಿದರು. ವಿಶ್ವಸಂಸ್ಥೆ ಕಳಿಸಿದ ತಂಡ ಥಾಯ್ಲೆಂಡ್‌ನ ನಿರಾಶ್ರಿತರ ಶಿಬಿರಗಳಿಂದ ಆಚೆ ಹೋಗಲಾಗದೆ, ಏನನ್ನೂ ಖಚಿತವಾಗಿ ಹೇಳಲಾಗದೆ ಮರಳಿತು. ಎಲೆಗಳ ಮೇಲಿನ ಹಳದಿ ಚುಕ್ಕೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ ಹಾರ್ವರ್ಡ್‌ನ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಜೇನುನೊಣಗಳ ತಜ್ಞ ಥಾಮಸ್ ಸೀಲಿ ಕಂಡದ್ದು ಜೀರ್ಣವಾಗಿ ಪೊಳ್ಳಾದ ಪರಾಗದ ಕಣಗಳನ್ನು. ಅವು ಜೇನುಹುಳುಗಳು ಒಟ್ಟಾಗಿ ಹಾರಿ ಉದುರಿಸಿದ ಹಿಕ್ಕೆ. ನಮ್ಮ ಮಲೆನಾಡಿನ ಮರಗಳಲ್ಲಿ, ನಗರದ ನೀರಿನ ಟ್ಯಾಂಕುಗಳ ಕೆಳಗೆ ಗೂಡು ಕಟ್ಟುವ ಹೆಜ್ಜೇನು ಇದೆಯಲ್ಲ, ಅದೇ ಜಾತಿಯ ನೊಣಗಳು. ಹಾಗೆಂದು ಲಾವೋಸ್‌ನ ಮೋಂಗ್ ಜನಾಂಗದ ನಿರಾಶ್ರಿತರು ಪಟ್ಟ ಪಾಡು ಸುಳ್ಳಲ್ಲ. ಅವರನ್ನು ಬಾಂಬುಗಳು ಕೊಂದಿದ್ದವು, ಹಸಿವು ಕೊಂದಿತ್ತು. ಸುಳ್ಳಾಗಿದ್ದು ಒಂದು ಮಹಾಶಕ್ತಿ ತನಗೆ ಬೇಕಾದ ಉತ್ತರವನ್ನು ಮೊದಲೇ ಬರೆದುಕೊಂಡು ಪುರಾವೆ ಹುಡುಕಿದ ರೀತಿ. 2003ರ ಫೆಬ್ರುವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಕಾಲಿನ್ ಪವೆಲ್ ಇರಾಕ್ ಬಗ್ಗೆ ಭದ್ರತಾ ಮಂಡಳಿಯ ಮುಂದೆ ಮಾಡಿದ್ದೂ ಇದನ್ನೇ. ವಿಶ್ವಸಂಸ್ಥೆಯ ಮುಖ್ಯ ಪರಿವೀಕ್ಷಕ ಹಾನ್ಸ್ ಬ್ಲಿಕ್ಸ್ ಇನ್ನಷ್ಟು ತಿಂಗಳು ಕಾಲಾವಕಾಶ ಬೇಕೆಂದರೂ ಯುದ್ಧ ಕಾಯಲಿಲ್ಲ.

ಇದರ ಉಲ್ಟಾ ಉದಾಹರಣೆ ಇನ್ನೂ ಕ್ರೂರವಾದದ್ದು. ಇರಾನ್–ಇರಾಕ್ ಯುದ್ಧದಲ್ಲಿ ಮಸ್ಟರ್ಡ್ ಅನಿಲ ಮತ್ತು ಟಾಬುನ್ ವಿಷ ಬಳಕೆಯಾಗಿದೆ ಎಂದು ವಿಶ್ವಸಂಸ್ಥೆಯ ತಜ್ಞರು 1984ರಲ್ಲೇ ದೃಢಪಡಿಸಿದ್ದರು. ಬಳಸಿದ್ದು ಇರಾಕ್ ಎಂದು ಭದ್ರತಾ ಮಂಡಳಿಯ ಬಾಯಿಂದ ಬರಲು 1986ರವರೆಗೆ ಕಾಯಬೇಕಾಯಿತು. 1988ರ ಮಾರ್ಚ್ 16ರಂದು ಹಲಬ್ಜಾ ಪಟ್ಟಣದಲ್ಲಿ ಸಾವಿರಾರು ಕುರ್ದ್ ಜನರು ಬೀದಿಗಳಲ್ಲಿ, ಹೊಸ್ತಿಲುಗಳಲ್ಲಿ ಸತ್ತು ಬಿದ್ದಾಗ ಅಮೆರಿಕದ ಅಧಿಕಾರಿಗಳು ಇರಾನ್ ಕೂಡ ಹೊಣೆಯಾಗಿರಬಹುದೆಂಬ ಮಾತನ್ನು ತೇಲಿಬಿಟ್ಟರು. ಮೇ ತಿಂಗಳಿನ ಭದ್ರತಾ ಮಂಡಳಿ ನಿರ್ಣಯ ಯಾರನ್ನೂ ಹೆಸರಿಸದೆ, ಮುಂದೆ ಹೀಗೆ ಮಾಡಬೇಡಿ ಎಂದು ಎರಡೂ ಕಡೆಯವರಿಗೆ ಬುದ್ಧಿ ಹೇಳಿತು. ಕೊಂದವನನ್ನೂ ಸತ್ತವನನ್ನೂ ಒಂದೇ ತಕ್ಕಡಿಯಲ್ಲಿಟ್ಟ ಈ ‘ತಟಸ್ಥತೆ’ಯ ಕೆಳಗೆ ಸದ್ದಾಂ ಹುಸೇನ್ ಅದೇ ಬೇಸಿಗೆಯಲ್ಲಿ ಮತ್ತೆ ಕುರ್ದ್ ಹಳ್ಳಿಗಳ ಮೇಲೆ ವಿಷಾನಿಲ ಸುರಿದ.

ತನಿಖಾಧಿಕಾರಿಗೆ ಹೆಸರು ಹೇಳುವ ಅಧಿಕಾರ ಕೊಟ್ಟರೆ ಅವರು ಪಶ್ಚಿಮದ ದೇಶಗಳ ಕೈಗೊಂಬೆಯಾಗುತ್ತಾರೆ ಎನ್ನುವುದು ಪ್ರಬಲ ಆಕ್ಷೇಪ. ಇದನ್ನು ಪರೀಕ್ಷಿಸಲು ನಮ್ಮ ಮುಂದೆ ಒಂದು ದಾಖಲೆ ಇದೆ. ವಿಶ್ವಸಂಸ್ಥೆ ಮತ್ತು ಹೇಗ್‌ನ ಸಂಸ್ಥೆ ಸೇರಿ 2015ರಲ್ಲಿ ರಚಿಸಿದ ಜಂಟಿ ತನಿಖಾ ವ್ಯವಸ್ಥೆಗೆ ಹೆಸರು ಹೇಳುವ ಅಧಿಕಾರವಿತ್ತು, ಅದಕ್ಕೆ ರಷ್ಯಾ ಕೂಡ ಒಪ್ಪಿತ್ತು. ಎರಡು ವರ್ಷದಲ್ಲಿ ಅದು ನಾಲ್ಕು ಪ್ರಕರಣಗಳಲ್ಲಿ ಸಿರಿಯಾ ಸರ್ಕಾರವನ್ನೂ ಎರಡು ಪ್ರಕರಣಗಳಲ್ಲಿ ಐಎಸ್ ಉಗ್ರರನ್ನೂ ಹೊಣೆ ಮಾಡಿತು. ಖಾನ್ ಶೇಖೂನ್ ವರದಿಯಲ್ಲಿ ತನ್ನ ತೀರ್ಮಾನಕ್ಕೆ ಅನುಕೂಲವಲ್ಲದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಘಟನೆ ನಡೆಯುವ ಮೊದಲೇ ಕೆಲವು ರೋಗಿಗಳು ದಾಖಲಾದರೆಂದು ಆಸ್ಪತ್ರೆಯ ಪುಸ್ತಕಗಳು ತೋರಿಸುತ್ತಿದ್ದುದನ್ನು ಬರೆದು ಪ್ರಕಟಿಸಿತು. ಕೈಗೊಂಬೆಗಳು ಹೀಗೆ ಬರೆಯುವುದಿಲ್ಲ. ಇದಕ್ಕೆ ಸಿಕ್ಕ ಬಹುಮಾನವೆಂದರೆ 2017ರ ಅಕ್ಟೋಬರ್–ನವೆಂಬರ್‌ನಲ್ಲಿ ರಷ್ಯಾದ ಮೂರು ವಿಟೊ, ಮತ್ತು ವ್ಯವಸ್ಥೆಯ ಸಾವು. ಪ್ರಶ್ನೆಯನ್ನು ಭದ್ರತಾ ಮಂಡಳಿಗೇ ಬಿಡಿ ಎನ್ನುವವರು ಈ ಅಧ್ಯಾಯವನ್ನು ದಾಟಿ ಮಾತಾಡಲಾಗದು. ಆರೋಪಿಯ ಆಪ್ತಮಿತ್ರನ ಕೈಯಲ್ಲಿ ವಿಟೊ ಇರುವ ಸಭೆಯನ್ನು ನ್ಯಾಯಸ್ಥಾನ ಎನ್ನುವುದು ಹೇಗೆ?

ಒತ್ತಡ ಒಂದೇ ದಿಕ್ಕಿನಿಂದ ಬರುವುದೂ ಇಲ್ಲ. ಹೇಗ್‌ನ ಸಂಸ್ಥೆಯ ಮೊದಲ ಮಹಾನಿರ್ದೇಶಕ, ಬ್ರೆಜಿಲ್‌ನ ಜೋಸ್ ಬುಸ್ತಾನಿ, ಇರಾಕನ್ನು ಒಪ್ಪಂದದೊಳಗೆ ತರಲು ಯತ್ನಿಸುತ್ತಿದ್ದರು. ಅಮೆರಿಕ ಒತ್ತಡ ತಂದು ಅವರನ್ನು 2002ರಲ್ಲಿ ಕುರ್ಚಿಯಿಂದ ಇಳಿಸಿತು. ಆ ವಜಾ ಅಕ್ರಮವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನ್ಯಾಯಮಂಡಳಿ ಮರುವರ್ಷ ತೀರ್ಪಿತ್ತಿತು. 2018ರ ಏಪ್ರಿಲ್‌ನಲ್ಲಿ ಸಂಸ್ಥೆಯ ಕಚೇರಿ ಪಕ್ಕದ ಹೋಟೆಲಿನ ಕಾರು ನಿಲ್ದಾಣದಲ್ಲಿ ವೈ-ಫೈ ಕದ್ದಾಲಿಕೆಯ ಸಲಕರಣೆ ಸಮೇತ ಸಿಕ್ಕಿಬಿದ್ದವರು ರಷ್ಯಾದ ಸೇನಾ ಗುಪ್ತಚರ ವಿಭಾಗದವರು. ಎರಡೂ ಬಣಗಳು ಹೀಗೆ ಬೆನ್ನು ಹತ್ತಿರುವುದೇ, ಈ ಸಂಸ್ಥೆಯ ಮಾತಿಗೆ ತೂಕವಿದೆ ಎಂಬುದನ್ನು ತೋರಿಸುತ್ತದೆ.

ನನಗೆ ಸುಲಭವಾಗಿ ತಳ್ಳಿಹಾಕಲಾಗದ ಆಕ್ಷೇಪ ಸಿರಿಯಾದ ಡೂಮಾ ಪಟ್ಟಣದ್ದು. 2018ರ ಏಪ್ರಿಲ್ 7ರ ಆ ಘಟನೆಯಲ್ಲಿ ಕ್ಲೋರಿನ್ ಬಳಕೆಯಾಗಿದೆ ಎಂದು ನಂಬಲು ಸಕಾರಣವಿದೆ ಎಂದು ಸಂಸ್ಥೆಯ ಅಂತಿಮ ವರದಿ 2019ರ ಮಾರ್ಚ್‌ನಲ್ಲಿ ಹೇಳಿತು. ಎರಡೇ ತಿಂಗಳಲ್ಲಿ, ಸಿಲಿಂಡರ್‌ಗಳು ಆಕಾಶದಿಂದ ಬಿದ್ದವಲ್ಲ, ಯಾರೋ ತಂದಿಟ್ಟಿರುವ ಸಾಧ್ಯತೆಯೇ ಹೆಚ್ಚು ಎನ್ನುವ ಒಳಗಿನ ಎಂಜಿನಿಯರಿಂಗ್ ಟಿಪ್ಪಣಿಯೊಂದು ಸೋರಿಕೆಯಾಯಿತು. ಸಂಸ್ಥೆ ಇದಕ್ಕೆ ಪ್ರತಿಕ್ರಿಯಿಸಿದ ರೀತಿ ಕಳಪೆ. ಗೋಪ್ಯತೆ ಮುರಿದವರು ಯಾರು ಎಂದು ವಿಚಾರಣೆ ನಡೆಸಿತೇ ಹೊರತು, ಭಿನ್ನಮತ ಎತ್ತಿದ ಲೆಕ್ಕಾಚಾರಕ್ಕೆ ಒಂದೊಂದಾಗಿ ಉತ್ತರ ಕೊಡಲು ಆಗ ಮುಂದಾಗಲಿಲ್ಲ. ಆ ಉತ್ತರ ಬಂದದ್ದು 2023ರ ಜನವರಿಯಲ್ಲಿ, ಹೆಸರು ಹೇಳುವ ಅಧಿಕಾರ ಪಡೆದ ಹೊಸ ತಂಡದಿಂದ. ಸಿಲಿಂಡರ್‌ಗಳನ್ನು ತಂದಿಟ್ಟಿರಬಹುದೆಂಬ ಕಥನವನ್ನೂ ಎತ್ತಿಕೊಂಡು ಪರಿಶೀಲಿಸಿ, ಸಿರಿಯಾ ವಾಯುಪಡೆಯ ಹೆಲಿಕಾಪ್ಟರ್ ಎರಡು ಸಿಲಿಂಡರ್‌ಗಳನ್ನು ಎಸೆಯಿತು, 43 ಮಂದಿ ಸತ್ತರು ಎಂದು ಅದು ತೀರ್ಮಾನಿಸಿತು. ಆ ಘಟನೆಯನ್ನು ಅಲ್ಲಗಳೆಯುವಂತೆ ತಮ್ಮನ್ನು ಭದ್ರತಾ ಅಧಿಕಾರಿಗಳು ಒತ್ತಾಯಿಸಿದ್ದರೆಂದು ಸಿರಿಯಾದ ಅಧ್ಯಕ್ಷ ಅಸಾದ್‌ನ ಆಡಳಿತ ಉರುಳಿದ ಬಳಿಕ ಅಲ್ಲಿನ ವೈದ್ಯರು ಹೇಳಿದ್ದಾರೆ. ಡೂಮಾದಿಂದ ಕಲಿಯಬೇಕಾದದ್ದು ಒಳಗಿನ ಭಿನ್ನಮತವನ್ನು ವರದಿಯ ಜೊತೆಗೇ ಅಚ್ಚು ಹಾಕಬೇಕು ಎಂಬುದನ್ನು. ನಮ್ಮ ಸುಪ್ರೀಂ ಕೋರ್ಟ್ ಭಿನ್ನ ತೀರ್ಪನ್ನು ಬಹುಮತದ ತೀರ್ಪಿನ ಜೊತೆಗೇ ಪ್ರಕಟಿಸುತ್ತದೆ, ಅದರಿಂದ ನ್ಯಾಯಾಲಯದ ಮಾನ ಹೋಗಿಲ್ಲ.

ಹೆಸರು ಹೇಳಿ ಏನಾಯಿತು, ಅಸಾದ್ ಮಾಸ್ಕೊದಲ್ಲಿ ಸುಖವಾಗಿಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಈ ತಂಡಗಳಿಗೆ ಬಂಧಿಸುವ ಅಧಿಕಾರವಿಲ್ಲ, ಅವುಗಳ ಪುರಾವೆಯ ಮಾನದಂಡ ಕ್ರಿಮಿನಲ್ ನ್ಯಾಯಾಲಯದಷ್ಟು ಕಟ್ಟುನಿಟ್ಟಾದದ್ದೂ ಅಲ್ಲ. ಆದರೆ ಘೂಟಾ ದಾಳಿಯ ಸಂಬಂಧ ಫ್ರಾನ್ಸ್‌ನ ನ್ಯಾಯಾಧೀಶರು 2023ರಲ್ಲಿ ಅಸಾದ್ ವಿರುದ್ಧ ಬಂಧನ ವಾರಂಟ್ ಹೊರಡಿಸಿದರು. ಹುದ್ದೆಯಲ್ಲಿದ್ದ ಅಧ್ಯಕ್ಷನಿಗೆ ಕಾನೂನಿನ ರಕ್ಷಣೆ ಇದೆ ಎಂಬ ಕಾರಣಕ್ಕೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ 2025ರ ಜುಲೈನಲ್ಲಿ ಅದನ್ನು ರದ್ದು ಮಾಡಿತು. ಈಗ ಆತ ಹುದ್ದೆಯಲ್ಲಿಲ್ಲವಾದ್ದರಿಂದ ಹೊಸದಾಗಿ ಹೊರಡಿಸಲು ದಾರಿಯನ್ನೂ ತೆರೆದಿಟ್ಟಿತು. ನ್ಯಾಯಾಲಯ ಎಂದಾದರೂ ಕಡತ ಬಿಡಿಸಿದರೆ, ಒಳಗೆ ಸೀಲು ಮಾಡಿದ ಮಾದರಿ, ಸಹಿ ಇರುವ ಹೇಳಿಕೆ ಇರಬೇಕು. ಘಟನೆ ನಡೆದ ವಾರದಲ್ಲಿ ಸಂಗ್ರಹಿಸದಿದ್ದರೆ ಅವು ಇನ್ನೆಂದೂ ಸಿಗುವುದಿಲ್ಲ. ಹಲಬ್ಜಾ ನರಮೇಧವೆಂದು ಇರಾಕ್‌ನ ನ್ಯಾಯಾಲಯ ಹೇಳಿದ್ದು 22 ವರ್ಷಗಳ ಮೇಲೆ, 2010ರಲ್ಲಿ.

ಒಮ್ಮತವಿಲ್ಲದೆ ಇಂಥ ದೊಡ್ಡ ಬದಲಾವಣೆ ಬೇಡ ಎನ್ನುವುದು ಭಾರತದ ಹಳೆಯ ನಿಲುವು. ಸಣ್ಣ ದೇಶಗಳನ್ನು ದೊಡ್ಡವು ತುಳಿಯದಂತೆ ಒಮ್ಮತ ಕಾಪಾಡುತ್ತದೆ, ಒಪ್ಪೋಣ. ಆದರೆ ಆರೋಪಿಯೂ ಒಪ್ಪಿದರೆ ಮಾತ್ರ ತನಿಖೆ ಎನ್ನುವ ಒಮ್ಮತ ಸಣ್ಣವರನ್ನು ಕಾಪಾಡುವುದಿಲ್ಲ. ಈ ವಿಷಯದಲ್ಲಿ ಮಾತಾಡುವ ನೈತಿಕ ಅಧಿಕಾರ ನಮಗೆ ಬೇರೆಯವರಿಗಿಂತ ಹೆಚ್ಚೇ ಇದೆ. ಸಾವಿರ ಟನ್ನಿಗೂ ಮಿಕ್ಕಿದ ಮಸ್ಟರ್ಡ್ ದಾಸ್ತಾನನ್ನು ಭಾರತ 1997ರಲ್ಲಿ ತಾನೇ ಘೋಷಿಸಿ, ಅಂತರರಾಷ್ಟ್ರೀಯ ಪರಿವೀಕ್ಷಕರ ಎದುರು 2009ರೊಳಗೆ ನಾಶ ಮಾಡಿತು. ಗ್ವಾಲಿಯರ್‌ನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯದ ರಸಾಯನ ವಿಜ್ಞಾನಿಗಳಿಗೆ ಈ ವಿಷಗಳ ವಿಶ್ಲೇಷಣೆಯಲ್ಲಿ ದಶಕಗಳ ಅನುಭವವಿದೆ. ವಿದೇಶಾಂಗ ಸಚಿವಾಲಯ 2018ರ ನಿಲುವನ್ನು ಬದಲಿಸಿ, ಹೊಣೆಗಾರರನ್ನು ಗುರುತಿಸುವ ಹೇಗ್‌ನ ತಂಡಕ್ಕೆ ಬೆಂಬಲವನ್ನೂ ಹಣವನ್ನೂ ತಜ್ಞರನ್ನೂ ಕೊಡಬೇಕು. ಭಿನ್ನಮತದ ಟಿಪ್ಪಣಿಗಳನ್ನು ಪ್ರತಿ ವರದಿಯ ಜೊತೆ ಪ್ರಕಟಿಸಬೇಕೆಂಬ ಷರತ್ತನ್ನು ಅದರ ಜೊತೆಗೇ ಮುಂದಿಡಲಿ.