ಪಾಠ ಮುಟ್ಟಿಸುವ ಹೊಣೆ ಯಾರದು?

ಗದಗ ತಾಲೂಕಿನ ಕಣಗಿನಹಾಳದ ಹೆಸರನ್ನು ಕೇಳದ ಓದುಗರು ನಮ್ಮ ಭಾಗದಲ್ಲಿ ವಿರಳ. ಸಹಕಾರ ಸಂಘಗಳ ಕಾಯ್ದೆ 1904ರಲ್ಲಿ ಬಂದಿತು. ಅದರ ಮರುವರ್ಷವೇ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆ ಊರಿನ ರೈತರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಕಾಯ್ದೆಯನ್ನು ಮಾಡಿದ್ದು ದೂರದ ಸರಕಾರ. ಆದರೆ ಸಾಲ ಯಾರಿಗೆ ಸಲ್ಲಬೇಕು, ಎಷ್ಟು ಸಲ್ಲಬೇಕು, ಮರಳಿ ಬಂದಿತೇ ಇಲ್ಲವೇ ಎಂಬುದನ್ನು ನೋಡಿಕೊಳ್ಳಬೇಕಾದವರು ಊರಿನವರೇ ಆಗಿದ್ದರು. ಮೇಲಿನಿಂದ ಬಂದ ಅನುಕೂಲಕ್ಕೆ ಕೆಳಗಿನವರ ಹೊಣೆಗಾರಿಕೆ ಕೂಡಿದಾಗಲೇ ಯೋಜನೆಯೊಂದು ಬೇರು ಬಿಡುತ್ತದೆಂಬ ಸತ್ಯವನ್ನು ನಮ್ಮ ಜಿಲ್ಲೆಯ ಈ ಚಿಕ್ಕ ಊರು ನಾಡಿಗೆ ತೋರಿಸಿಕೊಟ್ಟಿತು.

ಈ ತಿಂಗಳು ನಾವು ಕಣಗಿನಹಾಳವನ್ನು ನೆನೆಯುತ್ತಿರುವುದು ಸಾಲಕ್ಕಾಗಿ ಅಲ್ಲ, ಶಾಲೆಗಾಗಿ. ಸರಕಾರಿ ಶಾಲೆಗಳ ಮಕ್ಕಳಿಗೆ ಸರಕಾರವೇ ಆನ್‌ಲೈನ್ ಮೂಲಕ ಪಾಠ ಒದಗಿಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಒದಗಿಸಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಒದಗಿಸಿದ ಪಾಠ ಮಗುವಿಗೆ ಮುಟ್ಟಿತೇ ಎಂದು ನೋಡುವವರಾರು, ಮುಟ್ಟದಿದ್ದಾಗ ಉತ್ತರ ಕೊಡುವವರಾರು ಎಂಬ ಪ್ರಶ್ನೆಯನ್ನು ಮೊದಲು ಬಗೆಹರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ದೂರದಿಂದ ಪಾಠ ಹೇಳುವುದು ಕರ್ನಾಟಕಕ್ಕೆ ಹೊಸದೇನಲ್ಲ. ಆಕಾಶವಾಣಿಯ ಮೂಲಕ ಬಿತ್ತರಗೊಂಡ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’ ಕಾರ್ಯಕ್ರಮಗಳು ಅನೇಕ ಶಿಕ್ಷಕರಿಗೆ ಇನ್ನೂ ನೆನಪಿವೆ. 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಕಲಿಸುವ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಯಿತು. ಗುತ್ತಿಗೆಯ ಅವಧಿ ಮುಗಿದಾಗ ಕಲಿಸುವವರು ಹೊರಟುಹೋದರು, ಯಂತ್ರಗಳು ಉಳಿದವು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಲಾಯಿತು. ಅದರ ನೆರವಿನಿಂದ ನಮ್ಮ ರಾಜ್ಯದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಆಕಾಶಮಾರ್ಗವಾಗಿ ಬಂದವು. 2010ರಲ್ಲಿ ಆ ಉಪಗ್ರಹದ ಆಯುಷ್ಯವೇ ತೀರಿತು.

ಈ ಪ್ರಯತ್ನಗಳನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಪ್ರತಿಯೊಂದರಲ್ಲಿಯೂ ಒಳ್ಳೆಯ ಪಾಠಗಳಿದ್ದವು, ಶ್ರದ್ಧೆಯ ಶಿಕ್ಷಕರಿದ್ದರು. ಆದರೆ ಪಾಠವನ್ನು ಸಿದ್ಧಪಡಿಸುವ ಕೆಲಸಕ್ಕೆ ಇಲಾಖೆಯಲ್ಲಿ ಒಬ್ಬರ ಹೆಸರು ಇರುತ್ತಿತ್ತು, ಯಂತ್ರ ಕೊಳ್ಳುವುದಕ್ಕೆ ಇನ್ನೊಬ್ಬರ ಹೆಸರು ಇರುತ್ತಿತ್ತು. ಹಳ್ಳಿಯ ಮಗುವಿಗೆ ಅದನ್ನು ಮುಟ್ಟಿಸುವ ಕೆಲಸಕ್ಕೆ ಮಾತ್ರ ಯಾರ ಹೆಸರೂ ಇರಲಿಲ್ಲ. ಈ ಕೊರತೆಯ ಬೆಲೆ ಎಷ್ಟೆಂಬುದು 2020ರಲ್ಲಿ ತಿಳಿಯಿತು.

ಆ ವರ್ಷದ ಮಾರ್ಚಿನಲ್ಲಿ ಕೊರೋನಾದ ಕಾರಣ ಶಾಲೆಗಳ ಬಾಗಿಲು ಮುಚ್ಚಿದವು. ಜೂನ್ ತಿಂಗಳಲ್ಲಿ ರಾಜ್ಯ ಸರಕಾರವು ಎಳೆಯ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿರ್ಬಂಧಿಸಿ ಆದೇಶ ಹೊರಡಿಸಿತು, ಪ್ರೊ. ಎಂ.ಕೆ. ಶ್ರೀಧರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಜುಲೈ 8ರಂದು ಉಚ್ಚ ನ್ಯಾಯಾಲಯವು ಆ ನಿರ್ಬಂಧಕ್ಕೆ ತಡೆ ನೀಡಿತು. ಕಲಿಯುವ ಹಕ್ಕು ಸಂವಿಧಾನದತ್ತವಾದುದು, ಆದೇಶವೊಂದರಿಂದ ಅದನ್ನು ಮೊಟಕುಗೊಳಿಸಲಾಗದೆಂಬುದು ಅಲ್ಲಿಯ ವಿಚಾರ. ನ್ಯಾಯ ಸರಿಯಾದುದೇ. ಆದರೆ ತಡೆ ಬಂದೊಡನೆ ಪಾಠ ಮುಂದುವರಿದದ್ದು ಫೋನು, ಕರೆನ್ಸಿ, ಕೋಣೆ ಇದ್ದ ಮನೆಗಳ ಮಕ್ಕಳಿಗೆ. ಸರಕಾರಿ ಶಾಲೆಯ ಬಡ ಮಗುವಿಗೆ ಹಕ್ಕು ಕಾಗದದಲ್ಲಿ ಉಳಿಯಿತು.

ಸರಕಾರವೇನೂ ಕೈಕಟ್ಟಿ ಕುಳಿತಿರಲಿಲ್ಲ. ಜುಲೈ ತಿಂಗಳಿನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ‘ಸೇತುಬಂಧ’, ಅನಂತರ ‘ಸಂವೇದ’ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂದಿತು. ಸ್ಮಾರ್ಟ್‌ಫೋನು ಇದ್ದ ಮಕ್ಕಳು, ಸಾದಾ ಫೋನು ಇದ್ದವರು, ಯಾವುದೂ ಇಲ್ಲದವರು ಎಂದು ಗುಂಪು ಮಾಡಿಕೊಂಡು, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಪಾಠ ಹೇಳಿದರು. ನಮ್ಮ ಮಟ್ಟಿಗೆ ಆ ಕಾಲದ ಅತ್ಯಂತ ವಿವೇಕದ ಕೆಲಸವೆಂದರೆ ಇದೇ. ಏಕೆಂದರೆ ಇಲ್ಲಿ ಪ್ರತಿ ಮಗುವಿಗೂ ಒಬ್ಬ ಶಿಕ್ಷಕರ ಹೆಸರು ಜೋಡಣೆಯಾಗಿತ್ತು. ಸೋಂಕು ಹರಡುವ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಒಳಗೆ ಕುಳಿತದ್ದು 2021ರ ಅಕ್ಟೋಬರ್ 25ರಂದು. ಅಂದರೆ ಹತ್ತೊಂಬತ್ತು ತಿಂಗಳುಗಳ ತರುವಾಯ.

ನಮ್ಮ ನಾಲ್ಕೂ ಊರುಗಳ ಸುತ್ತಣ ಬದುಕನ್ನು ಬಲ್ಲವರಿಗೆ ಪಾಠ ಏಕೆ ಮುಟ್ಟಲಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗವೇ ಅರ್ಧ ಮನೆಯನ್ನು ಆವರಿಸಿರುತ್ತದೆ. ಅದರ ಸಪ್ಪಳದ ನಡುವೆ ಮಗು ಯಾವ ಪಾಠ ಕೇಳೀತು? ಮುಂಡರಗಿ ಮತ್ತು ಶಿರಹಟ್ಟಿ ತಾಲೂಕುಗಳ ತಾಂಡಾಗಳಿಂದ ಗೋವಾ, ಮಂಗಳೂರುಗಳ ಕಡೆಗೆ ಗುಳೆ ಹೋಗುವ ಕುಟುಂಬಗಳಲ್ಲಿ ಫೋನು ದುಡಿಯುವವನ ಸಂಗಡ ಹೋಗುತ್ತದೆ, ಮಗು ಅಜ್ಜಿಯ ಸಂಗಡ ಉಳಿಯುತ್ತದೆ. ಕಪ್ಪತಗುಡ್ಡದ ಮಗ್ಗುಲಿನ ಹಳ್ಳಿಗಳಲ್ಲಿ ಫೋನು ಇದ್ದರೂ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಬೇಕು. ಲಕ್ಷ್ಮೇಶ್ವರದ ಸಂತೆಯಲ್ಲಿ ವ್ಯಾಪಾರ ಮಾಡುವ ತಾಯಿಯ ಕೈಯ ಫೋನು ಸಂಜೆ ಮನೆಗೆ ಬಂದಾಗ, ಅದು ಮೊದಲು ಮಗನ ಕೈಗೆ ಹೋಗುತ್ತದೆಯೇ ಮಗಳ ಕೈಗೆ ಹೋಗುತ್ತದೆಯೇ? ಈ ಪ್ರಶ್ನೆಗೆ ನಮ್ಮ ನಮ್ಮ ಮನೆಗಳಲ್ಲಿಯೇ ಉತ್ತರ ಹುಡುಕಬಹುದು.

ಫಲ ಏನಾಯಿತು? 2021ರ ಮಾರ್ಚಿನಲ್ಲಿ ಕರ್ನಾಟಕದ ಗ್ರಾಮೀಣ ಭಾಗದಲ್ಲಿ ‘ಅಸರ್’ ಸಮೀಕ್ಷೆ ನಡೆಯಿತು. ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದರು. ಆಗ ಸುಮಾರು 10ಕ್ಕೆ ಇಳಿದಿದ್ದರು. ಮೊದಲೇ ಕಡಿಮೆಯಿದ್ದುದು ಅರ್ಧವಾಯಿತು. ಸರಕಾರವು 2022-23ರಲ್ಲಿ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮವನ್ನೇ ಹಮ್ಮಿಕೊಳ್ಳಬೇಕಾಯಿತು. ಹೋದ ವರ್ಷಗಳು ಹಾಗೆ ಸುಲಭವಾಗಿ ಮರಳಿ ಬರುವಂಥವಲ್ಲ.

ಇದೇ ಕಾಲದಲ್ಲಿ ನೆರೆಯ ಕೇರಳ ಏನು ಮಾಡಿತೆಂಬುದನ್ನು ನೋಡುವುದು ಉಪಯುಕ್ತ. ಅಲ್ಲಿ ಸರಕಾರಿ ಶಾಲೆಗಳ ಗಣಕ ಶಿಕ್ಷಣವನ್ನು ಗುತ್ತಿಗೆಯವರಿಗೆ ಒಪ್ಪಿಸದೆ, ಶಾಲಾ ಶಿಕ್ಷಕರಿಗೇ ತರಬೇತಿ ಕೊಟ್ಟು ವರ್ಷಗಟ್ಟಲೆ ಬೆಳೆಸಿದರು. 2005ರಲ್ಲಿ ‘ವಿಕ್ಟರ್ಸ್’ ಎಂಬ ಶೈಕ್ಷಣಿಕ ವಾಹಿನಿ ಆರಂಭವಾಯಿತು. 2017ರಲ್ಲಿ ಇದೆಲ್ಲದರ ಹೊಣೆ ಹೊರಲು ‘ಕೈಟ್’ ಎಂಬ ಸರಕಾರಿ ಸಂಸ್ಥೆಯೇ ರಚನೆಯಾಯಿತು. ಹೀಗಾಗಿ 2020ರ ಜೂನ್ 1ರಂದೇ ಅಲ್ಲಿ ‘ಫಸ್ಟ್ ಬೆಲ್’ ಪಾಠಗಳು ಶುರುವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗಾಗಿ ಕನ್ನಡದಲ್ಲಿಯೂ ಪಾಠಗಳು ತಯಾರಾದವು. ಮನೆಯಲ್ಲಿ ಟಿ.ವಿ. ಇಲ್ಲದ ಮಕ್ಕಳಿಗೆ ಪಂಚಾಯತಿಗಳೂ ವಾಚನಾಲಯಗಳೂ ಕೂಡಿ ನೋಡುವ ಏರ್ಪಾಡು ಮಾಡಿದವು. ಅಲ್ಲಿಯೂ ಕೊರತೆಗಳಿದ್ದವು, ಅಲ್ಲಿಯೂ ಮಕ್ಕಳು ಹಿಂದೆ ಉಳಿದರು. ಆದರೆ ಬಾವಿಯನ್ನು ಬರಗಾಲಕ್ಕೆ ಮೊದಲೇ ತೋಡಿಟ್ಟಿದ್ದರೆಂಬುದನ್ನು ಒಪ್ಪಬೇಕು.

ಹಾಗಾದರೆ ನಮ್ಮಲ್ಲಿ ಆಗಬೇಕಾದುದೇನು? ನಾವು ಐದು ಮಾತುಗಳನ್ನು ಓದುಗರ ಮುಂದಿಡುತ್ತೇವೆ.

ಮೊದಲನೆಯದು, ಈ ಕಾರ್ಯಕ್ರಮವು ಆಪತ್ತಿನ ಕಾಲದ ಅತಿಥಿಯಾಗದೆ ಶಾಲೆಯ ನಿತ್ಯದ ಭಾಗವಾಗಬೇಕು. ಶಾಲೆ ತೆರೆದಿರುವಾಗಲೇ ವಾರಕ್ಕೆ ಒಂದೆರಡು ಪಾಠಗಳು ಈ ಬಗೆಯಲ್ಲಿ ನಡೆದರೆ ಶಿಕ್ಷಕರಿಗೂ ಮಕ್ಕಳಿಗೂ ರೂಢಿಯಾಗುತ್ತದೆ. ಗಣಿತ, ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗ ಇದು ತಾತ್ಕಾಲಿಕ ಆಸರೆಯಾಗಬಹುದು. ಆದರೆ ಇದನ್ನೇ ನೆಪವಾಗಿಸಿಕೊಂಡು ಶಿಕ್ಷಕರ ನೇಮಕವನ್ನು ಮುಂದೂಡುವಂತಾಗಬಾರದು. ತಪ್ಪನ್ನು ಗುರುತಿಸಿ ತಿದ್ದುವ, ಹಸಿದ ಮುಖವನ್ನು ಕಂಡು ವಿಚಾರಿಸುವ ಶಕ್ತಿ ಪರದೆಗಿಲ್ಲ.

ಎರಡನೆಯದು, ಮಗು ಪಾಠ ನೋಡುವ ಸ್ಥಳ ಮನೆಯ ಫೋನು ಆಗಬಾರದು. ಊರಿನ ಸಾರ್ವಜನಿಕ ಸ್ಥಳವಾಗಬೇಕು. ಶಾಲೆಯಂತೂ ಇದ್ದೇ ಇದೆ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ; 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತಿದೆ. ಗುಳೆ ಹೋದವರ ಮಗುವಿಗೂ ಮಗ್ಗದ ಮನೆಯ ಮಗುವಿಗೂ ಅಲ್ಲಿ ಸಮಾನವಾದ ಆಸನ ದೊರೆಯುತ್ತದೆ. ಹೆಣ್ಣುಮಕ್ಕಳ ಸರದಿ ಕೊನೆಗೆ ಉಳಿಯುವುದಿಲ್ಲ.

ಮೂರನೆಯದು, ನಿತ್ಯದ ಖರ್ಚು. ಯಂತ್ರ ಕೊಳ್ಳಲು ಅನುದಾನ ಬರುತ್ತದೆ, ದುರಸ್ತಿಗೆ ಬರುವುದಿಲ್ಲ. ಸರಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತನ್ನು 2023ರ ರಾಜ್ಯೋತ್ಸವದಂದು ಘೋಷಿಸಿದ್ದು ಸ್ವಾಗತಾರ್ಹ. ಅದರಂತೆಯೇ ಇಂಟರ್‌ನೆಟ್ ಶುಲ್ಕ, ಬ್ಯಾಟರಿ, ರಿಪೇರಿಗಳಿಗೂ ಆಯವ್ಯಯದಲ್ಲಿ ಪ್ರತ್ಯೇಕ ಮೊತ್ತ ಇರಬೇಕು. ‘ಭಾರತ್‌ನೆಟ್’ ಯೋಜನೆಯ ಮೂಲ ಗುರಿ ಗ್ರಾಮ ಪಂಚಾಯತಿಯ ಕಚೇರಿಯವರೆಗೆ ತಂತಿ ತರುವುದಾಗಿತ್ತು. ಕಚೇರಿಯಿಂದ ಶಾಲೆಯವರೆಗಿನ ಆ ನಾಲ್ಕು ಹೆಜ್ಜೆ ಯಾರದೆಂಬುದೂ ಬರವಣಿಗೆಯಲ್ಲಿರಬೇಕು.

ನಾಲ್ಕನೆಯದು, ಮಕ್ಕಳ ವಿವರಗಳ ರಕ್ಷಣೆ. 2017ರಿಂದ ನಡೆದುಬಂದ ಕೇಂದ್ರದ ‘ದೀಕ್ಷಾ’ ವ್ಯವಸ್ಥೆ ಬಹಳ ಉಪಯುಕ್ತವಾದುದು. ನಮ್ಮ ಪಠ್ಯಪುಸ್ತಕಗಳಲ್ಲಿರುವ ಚೌಕಾಕಾರದ ಸಂಕೇತಗಳು ಅದರ ಪಾಠಗಳಿಗೇ ಒಯ್ಯುತ್ತವೆ. ಆದರೆ ಅದರ ಮೂಲಕ ಸಂಗ್ರಹವಾದ ಲಕ್ಷಾಂತರ ಶಿಕ್ಷಕರ ಹಾಗೂ ವಿದ್ಯಾರ್ಥಿಗಳ ವಿವರಗಳು ಕಾವಲಿಲ್ಲದೆ ಬಯಲಾಗಿದ್ದವೆಂದು 2023ರ ಜನವರಿಯಲ್ಲಿ ವರದಿಯಾಯಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಹದಿನೆಂಟು ವರ್ಷದೊಳಗಿನವರ ವಿವರಗಳಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಮಗುವಿನ ಹೆಸರು, ಅಂಕ, ವಿಳಾಸಗಳು ಯಾರ ಕೈಯಲ್ಲಿವೆಯೆಂದು ಕೇಳುವ ಹಕ್ಕು ಕೂಲಿಕಾರ ತಂದೆಗೂ ಇದೆ.

ಐದನೆಯದು ಎಲ್ಲಕ್ಕೂ ಮುಖ್ಯವಾದುದು. 2001ರ ಸರಕಾರಿ ಆದೇಶದಿಂದ ನಮ್ಮ ಪ್ರತಿ ಸರಕಾರಿ ಶಾಲೆಯಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಸದಸ್ಯರು ಮಹಿಳೆಯರಿರಬೇಕು. ಆನ್‌ಲೈನ್ ಪಾಠದ ಲೆಕ್ಕ ಈ ಸಮಿತಿಯ ಮುಂದೆ ಪ್ರತಿ ತಿಂಗಳು ಬರಬೇಕು. ಎಷ್ಟು ಪಾಠ ಬಂದವು, ಎಷ್ಟು ಮಕ್ಕಳು ನೋಡಿದರು, ಯಾರು ನೋಡಲಿಲ್ಲ, ಯಂತ್ರ ಎಷ್ಟು ದಿನ ಕೆಟ್ಟಿತ್ತು ಎಂಬ ನಾಲ್ಕು ಸಾಲುಗಳು ಸಾಕು. ಸಮಿತಿ ಬರೆದು ಕಳಿಸಿದ ದೂರಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ಇಂತಿಷ್ಟು ದಿನಗಳಲ್ಲಿ ಉತ್ತರಿಸಬೇಕೆಂಬ ನಿಯಮ ಇರಬೇಕು. ಬೆಂಗಳೂರಿನಲ್ಲಿ ಪಾಠ ಸಿದ್ಧವಾಗಲಿ. ಲೆಕ್ಕ ಊರಿನಲ್ಲಿ ಒಪ್ಪಿತವಾಗಲಿ.

‘ಸಮಿತಿಯ ಪಾಲಕರಿಗೆ ಓದು ಬರಹವೇ ಸಾಲದು, ಗಣಕಯಂತ್ರದ ಮೇಲೆ ಅವರೇನು ನಿಗಾ ಇಟ್ಟಾರು?’ ಎಂದು ಕೆಲವರು ಆಕ್ಷೇಪಿಸುವುದುಂಟು. ಕಣಗಿನಹಾಳದ ರೈತರೂ ಬ್ಯಾಂಕಿನ ವಿದ್ಯೆ ಕಲಿತು ಬಂದವರಾಗಿರಲಿಲ್ಲ. ಯಂತ್ರದ ಒಳಗು ತಿಳಿಯದ ತಾಯಿಗೂ ತನ್ನ ಮಗಳು ಇಂದು ಪಾಠ ಕಲಿತಳೇ ಇಲ್ಲವೇ ಎಂಬುದು ತಿಳಿಯುತ್ತದೆ. ಮೇಲುಸ್ತುವಾರಿಗೆ ಬೇಕಾದದ್ದು ಆ ತಿಳಿವಳಿಕೆ.

ನಮ್ಮ ಓದುಗರಲ್ಲಿ ಅನೇಕರ ಮಕ್ಕಳು ಈಗ ಸರಕಾರಿ ಶಾಲೆಯಲ್ಲಿಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಇದೇ ಓದುಗರಲ್ಲಿ ಅನೇಕರ ಹಿರಿಯರು ಊರ ಸರಕಾರಿ ಶಾಲೆಯಲ್ಲಿ ಅಕ್ಷರ ಕಲಿತು, ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಮೇಲೆ ಬಂದವರು. ದೂರದ ಹಳ್ಳಿಯ ಹುಡುಗನಿಗೆ ಅಂದು ಬೇಕಾಗಿದ್ದುದು ಅನ್ನ ಮತ್ತು ಸೂರು, ಸಮಾಜ ಕೊಟ್ಟಿತು. ಇಂದು ಅವನ ತಂಗಿಗೆ ಬೇಕಾಗಿರುವುದು ಒಂದು ಆಸನ, ಒಂದು ಪರದೆ, ಮತ್ತು ಅವಳು ಬಂದಿಲ್ಲವೆಂದು ಗಮನಿಸುವ ಒಬ್ಬ ಹಿರಿಯರು. ಮುಂದಿನ ಸಮಿತಿಯ ಸಭೆ ಯಾವಾಗ ಎಂದು ನಿಮ್ಮ ಊರಿನ ಶಾಲೆಯ ಮುಖ್ಯಗುರುಗಳನ್ನು ಈ ವಾರವೇ ವಿಚಾರಿಸಿರಿ ಎಂಬುದು ನಮ್ಮ ವಿನಂತಿ.