‘ಗೀತಾ’ ಹಾಡನ್ನು ಹಿಂದಿ ಹಾಡು ಅಂದವರಿಗೆ!

ಯಲ್ದೂರಿನಲ್ಲಿ ಒಂದು ಮದುವೆ. ಆರತಕ್ಷತೆಗೆ ಆರ್ಕೆಸ್ಟ್ರಾ. ಕೀಬೋರ್ಡಿನವನು ಒಂದು ಮಟ್ಟು ಎತ್ತಿಕೊಂಡ. ಬೆಂಗಳೂರಿನಿಂದ ಬಂದಿದ್ದ ನಮ್ಮದೇ ಹುಡುಗನೊಬ್ಬ ಪಕ್ಕದವನಿಗೆ ಹೇಳಿದ: “ಅಮಿತಾಭ್ ಪಿಕ್ಚರ್ ಹಾಡು ಮಗಾ, ಚೀನಿ ಕಮ್!” ಪಕ್ಕದವನು ತಿದ್ದಿದ: “ಅಲ್ವೋ, ಅದು ತಮಿಳು. ಇಳಯರಾಜಾದು.” ಇಬ್ಬರೂ ಕನ್ನಡ ಶಾಲೆಯಲ್ಲಿ ಓದಿದವರೇ!

ಕನ್ನಡದ ತರುಣರೇ, ಆ ಮಟ್ಟು ಹುಟ್ಟಿದ್ದು 1981ರಲ್ಲಿ, ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ಚಿತ್ರಕ್ಕೆ. ಬರೆದವರು ಚಿ. ಉದಯಶಂಕರ್. ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ಅದೇ ಮಟ್ಟು 1984ರಲ್ಲಿ ತಮಿಳಿನ ‘ನೂರಾವದು ನಾಳ್’ಗೆ ಹೋಯಿತು. 2007ರಲ್ಲಿ ‘ಚೀನಿ ಕಮ್’ ಹತ್ತಿ ಇಡೀ ದೇಶ ಸುತ್ತಿತು. 1983ರ ‘ಪಲ್ಲವಿ ಅನುಪಲ್ಲವಿ’ಯ ಮಟ್ಟು ಐಡಿಯಾ ಮೊಬೈಲ್ ಜಾಹೀರಾತಿನಲ್ಲಿ ಮನೆಮನೆಯ ಟಿವಿಯಲ್ಲೂ ಕೇಳಿಸಿತು. ಮಣಿರತ್ನಂ ಅವರ ಮೊದಲ ಚಿತ್ರ ಅದು, ಅದೂ ಕನ್ನಡದ್ದು! ಎಷ್ಟು ಜನ ಕನ್ನಡಿಗರಿಗೆ ಗೊತ್ತು?

ಈಗ ಬೈಯುವುದು ಯಾರನ್ನು? ಇಳಯರಾಜಾ ಅವರನ್ನೇ? ಮಟ್ಟು ಅವರದು, ಎಲ್ಲಿ ಬೇಕಾದರೂ ಬಳಸಿಕೊಳ್ಳುತ್ತಾರೆ. “ತಮಿಳರ ಹಾಡು ಕೇಳಬೇಡಿ” ಎಂದು ಕೂಗುವ ಕೆಲವು ಗೆಳೆಯರಿಗೆ ಒಂದು ಮಾತು: 1962ರಲ್ಲಿ ಅ.ನ.ಕೃ. ಬೆಂಗಳೂರಿನ ರಾಮೋತ್ಸವದ ಸಂಗೀತದ ವಿಚಾರದಲ್ಲಿ ಚಳವಳಿಗೆ ಇಳಿದರಲ್ಲ, ಅಂದಿನ ಬೇಡಿಕೆ ನಮ್ಮ ನೆಲದ ವೇದಿಕೆಯಲ್ಲಿ ನಮ್ಮ ಕಲಾವಿದರಿಗೆ ಜಾಗ ಕೊಡಿ ಎಂಬುದು. ಕಿವಿ ಮುಚ್ಚಿಕೊಳ್ಳಿ ಎಂದಲ್ಲ.

ಇನ್ನೊಂದು ಗುಂಪಿದೆ, ಅದು ಇನ್ನೂ ಅಪಾಯಕಾರಿ. “ಕನ್ನಡದಲ್ಲಿ ಎಲ್ಲಿದೆ ಗುರು ಮ್ಯೂಸಿಕ್ಕು?” ಎನ್ನುವವರದು. ಸ್ವಾಮಿ, ನೀವು ತಲೆಯ ಮೇಲೆ ಹೊತ್ತು ಕುಣಿಯುವ ಇಳಯರಾಜಾ ಕೆಲಸ ಕಲಿತದ್ದು ಯಾರ ಕೈಕೆಳಗೆ? ಜಿ.ಕೆ. ವೆಂಕಟೇಶ್! ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ಭೂತಯ್ಯನ ಮಗ ಅಯ್ಯು’, ‘ಸನಾದಿ ಅಪ್ಪಣ್ಣ’ಗಳಿಗೆ ಸಂಗೀತ ಕೊಟ್ಟವರು. ‘ಸಂಪತ್ತಿಗೆ ಸವಾಲ್’ನಲ್ಲಿ ಅಣ್ಣಾವ್ರ ಕೈಲಿ ಎಮ್ಮೆ ಹಾಡು ಹಾಡಿಸಿ, ಅವರನ್ನು ಪೂರ್ಣ ಪ್ರಮಾಣದ ಗಾಯಕರನ್ನಾಗಿ ಮಾಡಿದವರು. ಅವರ ವಾದ್ಯಗೋಷ್ಠಿಯಲ್ಲಿ ಗಿಟಾರ್ ಹಿಡಿದು ಕೂತು, ಆಮೇಲೆ ಸಹಾಯಕನಾಗಿ ದುಡಿದ ಹುಡುಗನೇ 1976ರಲ್ಲಿ ‘ಅನ್ನಕ್ಕಿಳಿ’ಯಿಂದ ತಮಿಳುನಾಡನ್ನು ಗೆದ್ದದ್ದು. 1993ರಲ್ಲಿ ವೆಂಕಟೇಶ್ ತೀರಿಕೊಂಡರು. ನಮ್ಮ ಎಷ್ಟು ಹುಡುಗರಿಗೆ ಅವರ ಮುಖ ಗುರುತಿದೆ?

ಇಳಯರಾಜಾ ಮಾಡಿದ್ದಾದರೂ ಏನು? ಪಣ್ಣೈಪುರಂ ಎಂಬ ಹಳ್ಳಿಯ ದಲಿತ ಕುಟುಂಬದ ಹುಡುಗ. ಅಣ್ಣ ವರದರಾಜನ್ ಕಮ್ಯುನಿಸ್ಟ್ ಸಭೆಗಳಲ್ಲಿ ಹಾಡುತ್ತ ಊರೂರು ತಿರುಗಿದವರು, ತಮ್ಮ ಅವರ ಜೊತೆಗೆ. ಮದರಾಸಿಗೆ ಬಂದು ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸ್ವರಲಿಪಿ ಕಲಿತರು. ಹೊಲಗೇರಿಯ ಹಲಗೆಯ ಪೆಟ್ಟು ಒಂದು ಕಡೆ, ಪಿಟೀಲುಗಳ ದೊಡ್ಡ ತಂಡ ಇನ್ನೊಂದು ಕಡೆ, ನಡುವೆ ತನ್ನದೇ ದಾರಿಯಲ್ಲಿ ನಡೆಯುವ ಬಾಸ್ ಗಿಟಾರ್. ‘ಗೀತಾ’ ಹಾಡುಗಳನ್ನು ಮತ್ತೊಮ್ಮೆ ಕೇಳಿ, ಹಾಡುವವರ ದನಿ ಬಿಟ್ಟು ಕೆಳಗಿನ ಬಾಸನ್ನೇ ಹಿಂಬಾಲಿಸಿ, ಗೊತ್ತಾಗುತ್ತದೆ. ತನ್ನ ಕೇರಿಯ ವಾದ್ಯಕ್ಕೆ ಅವರು ನಾಚಲಿಲ್ಲ.

ನಮ್ಮಲ್ಲಿ ಆ ವಾದ್ಯ ಇಲ್ಲವೇ? ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಮುಳಬಾಗಿಲಿನಲ್ಲಿ ಶ್ರೀಪಾದರಾಜರು ಸಂಸ್ಕೃತದ ಮಠದೊಳಗೆ ಕುಳಿತೇ ಕನ್ನಡದಲ್ಲಿ ಹಾಡು ಕಟ್ಟಿದರು, ಅದೂ 15ನೇ ಶತಮಾನದಲ್ಲಿ! ಯಲ್ದೂರಿನ ಸುತ್ತ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮೊಬೈಲಿನಲ್ಲಿ ತಮಿಳು. ಮೂರೂ ಕಿವಿಗೆ ಬಿದ್ದ ಹುಡುಗನೇ ನಾಳೆ ದೊಡ್ಡ ಸಂಗೀತ ನಿರ್ದೇಶಕ ಆಗಬಲ್ಲ. ಆದರೆ ಅವನಿಗೆ ತಮಟೆ ಜೊತೆ ಸ್ವರಲಿಪಿ ಕಲಿಸುವ ಶಾಲೆ ಶ್ರೀನಿವಾಸಪುರದಲ್ಲಿ ಎಲ್ಲಿದೆ?

ದಶಕಗಳ ಕಾಲ ಕನ್ನಡ ಹಾಡು ಮುದ್ರಿಸಲು ನಮ್ಮ ನಿರ್ಮಾಪಕರು ಮದರಾಸಿನ ರೈಲು ಹತ್ತುತ್ತಿದ್ದರು. ಭಾಷಣಕ್ಕೆ ಕೊರತೆ ಇರಲಿಲ್ಲ, ಸ್ಟುಡಿಯೋಗೆ ಇತ್ತು. ಇಳಯರಾಜಾ ಅವರನ್ನು ‘ಗೀತಾ’ಗೆ ಕರೆತಂದ ಅದೇ ಶಂಕರ್‌ನಾಗ್, ಅಣ್ಣ ಅನಂತ್‌ನಾಗ್ ಜೊತೆ ಸೇರಿ ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದರು. ಹೊರಗಿನ ಪ್ರತಿಭೆಯನ್ನು ಗೌರವದಿಂದ ಕರೆದವನೇ ಊರಲ್ಲಿ ಸ್ಟುಡಿಯೋವನ್ನೂ ಎಬ್ಬಿಸಿದ. ಕನ್ನಡದ ಕೆಲಸ ಅಂದರೆ ಅದು! 1987ರಲ್ಲಿ ಹಂಸಲೇಖ ‘ಪ್ರೇಮಲೋಕ’ದಿಂದ ಬೀದಿಬೀದಿಯನ್ನೂ ಕನ್ನಡದಲ್ಲಿ ಹಾಡಿಸಿದ್ದು ನೆನಪಿದೆಯಲ್ಲ?

ಮುಂದಿನ ಮದುವೆಗೆ ಊರಿಗೆ ಹೋದಾಗ ಆರ್ಕೆಸ್ಟ್ರಾದವರಿಗೆ ಒಂದು ಚೀಟಿ ಕಳಿಸಿ: “ಚಿತ್ರ ಗೀತಾ, 1981, ಸಾಹಿತ್ಯ ಚಿ. ಉದಯಶಂಕರ್, ಸಂಗೀತ ಇಳಯರಾಜಾ. ಮೈಕಿನಲ್ಲಿ ಹೇಳಿ ಹಾಡಿ.” ಅದಾದ ಮೇಲಿನ ಹಾಡು ಜಿ.ಕೆ. ವೆಂಕಟೇಶ್ ಅವರದೇ ಇರಲಿ. ಹೊರಗೆ ಚಪ್ಪರದ ಪಕ್ಕ ತಮಟೆಯವರು ಕೂತಿದ್ದರೆ ಅವರನ್ನೂ ವೇದಿಕೆಗೆ ಕರೆಯಿರಿ.